ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರು

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆದುಕೊಳ್ಳುವ ಮನೆತನಗಳು ನಮ್ಮ ಈ ಗಡಿಸೀಮೆಯಲ್ಲಿ ಹೇರಳವಾಗಿವೆ. ಬನದ ಹುಣ್ಣಿಮೆಯೋ ಭಾರತ ಹುಣ್ಣಿಮೆಯೋ ಸಮೀಪಿಸಿತೆಂದರೆ ಬೇಡಕಿಹಾಳದ ಸುತ್ತಿನಿಂದ, ಚಿಕ್ಕೋಡಿ-ನಿಪ್ಪಾಣಿಗಳ ಹಳ್ಳಿಗಳಿಂದ, ಗಡಿಯಾಚೆಯ ಕೊಲ್ಲಾಪುರದ ಕಡೆಯಿಂದ ಜನರು ಹೊರಡುತ್ತಾರೆ. ಉಧೋ ಉಧೋ ಎಂಬ ಘೋಷದಲ್ಲಿ ಕನ್ನಡವೆಷ್ಟು, ಮರಾಠಿಯೆಷ್ಟು ಎಂದು ಯಾರೂ ಕೇಳುವುದಿಲ್ಲ. ಆ ಜಾತ್ರೆಯಲ್ಲಿ ಚೌಡಿಕೆ ಹಿಡಿದು, ತಲೆಯ ಮೇಲೆ ದೇವಿಯ ಕೊಡ ಹೊತ್ತು, ಸೀರೆಯುಟ್ಟು ಬರುವ ಜೋಗಪ್ಪನಿಗೆ ಮನೆಯ ಹಿರಿಯರು ಕೈಮುಗಿಯುತ್ತಾರೆ, ಮೊರದಲ್ಲಿ ಜೋಳ ನೀಡುತ್ತಾರೆ, ಕೂಸಿನ ತಲೆಯ ಮೇಲೆ ಕೈಯಿಡಿಸಿಕೊಳ್ಳುತ್ತಾರೆ. ಗಂಡಾಗಿ ಹುಟ್ಟಿ ಹೆಣ್ಣಿನ ಭಾವದಲ್ಲಿ ಬಾಳುವ ಒಂದು ಜೀವವನ್ನು ನಮ್ಮ ಸಮಾಜ ಕಂಡೇ ಇಲ್ಲ, ಇದು ನಮಗೆ ತೀರ ಹೊಸದು ಎಂದು ಯಾರಾದರೂ ಹೇಳಿದರೆ ಅದು ಸತ್ಯವಲ್ಲ. ಕಂಡಿದೆ; ಹೆಸರಿಟ್ಟಿದೆ; ಒಂದು ಸ್ಥಾನವನ್ನೂ ಕೊಟ್ಟಿದೆ. ಆದರೆ ಆ ಸ್ಥಾನ ಗುಡ್ಡದ ಮೇಲಿದೆ, ಶಾಲೆಯ ಬೆಂಚಿನ ಮೇಲೆ ಇಲ್ಲ. ದೇವಿಯ ಮುಂದೆ ಪೂಜ್ಯವೆನಿಸಿದ ನಡಿಗೆಯೇ ಏಳನೆಯ ತರಗತಿಯ ಹುಡುಗನೊಬ್ಬನಲ್ಲಿ ಕಂಡುಬಂದಾಗ ಅದು ನಗೆಗೀಡಾಗುತ್ತದೆ, ಏಟಿಗೆ ಕಾರಣವಾಗುತ್ತದೆ, ಕೊನೆಗೆ ಅವನ ಓದಿಗೇ ಮುಕ್ತಾಯ ಹಾಡುತ್ತದೆ. ಈ ವೈಪರೀತ್ಯವನ್ನು ಕುರಿತು ಅಧ್ಯಾಪಕರೂ ವಿದ್ಯಾರ್ಥಿಗಳೂ ಆದ ವಾಚಕರ ಮುಂದೆ ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ಮೊದಲು ಶಬ್ದಗಳ ವಿಚಾರ. ಲಿಂಗತ್ವ ಅಲ್ಪಸಂಖ್ಯಾತರು, ಲೈಂಗಿಕ ಅಲ್ಪಸಂಖ್ಯಾತರು ಎಂಬೆರಡು ಮಾತುಗಳು ಈಗ ಪತ್ರಿಕೆಗಳಲ್ಲಿ ಜೊತೆಜೊತೆಯಾಗಿ ಬರುತ್ತವೆ. ಇವೆರಡೂ ಒಂದೇ ಅಲ್ಲ. ಹುಟ್ಟಿದಾಗ ಸೂಲಗಿತ್ತಿಯೋ ವೈದ್ಯರೋ ಹೇಳಿದ ಲಿಂಗಕ್ಕೂ ತನ್ನ ಒಳಗಿನ ಅರಿವಿಗೂ ಹೊಂದಿಕೆಯಿಲ್ಲದವರದು ಒಂದು ಸ್ಥಿತಿ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವುದು ಇನ್ನೊಂದು. ಮೊದಲನೆಯದು ತಾನು ಯಾರು ಎಂಬ ಪ್ರಶ್ನೆ; ಎರಡನೆಯದು ತನ್ನ ಮನಸ್ಸು ಯಾರ ಕಡೆಗೆ ಎಂಬ ಪ್ರಶ್ನೆ. ಮೊದಲನೆಯದು ಹಲವು ವೇಳೆ ನಡೆನುಡಿಗಳಲ್ಲಿ ಹೊರಗೆ ಕಾಣುತ್ತದೆ. ಎರಡನೆಯದು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಕಾಣುವವನು ಹಂಗಿಸುವಿಕೆಯಿಂದ ನೋಯುತ್ತಾನೆ. ಕಾಣದವನು ತನ್ನನ್ನು ಬಚ್ಚಿಟ್ಟುಕೊಳ್ಳುವ ಆಯಾಸದಿಂದ ನೋಯುತ್ತಾನೆ. ಶಾಲೆ ಕಾಲೇಜುಗಳು ಈ ಭೇದವನ್ನು ಅರಿಯದೆ ಮಾಡುವ ವ್ಯವಸ್ಥೆ ಯಾವುದೂ ಫಲಿಸದು. ಇನ್ನು ನಮ್ಮ ಭಾಗದ ಬೈಗುಳಗಳ ಮಾತು: ಕನ್ನಡದಲ್ಲಿ ‘ಹೆಣ್ಣಿಗ’, ಮರಾಠಿಯಲ್ಲಿ ‘ಬಾಯಲ್ಯಾ’. ಎರಡು ಭಾಷೆಗಳ ನಡುವೆ ಬೆಳೆದ ನಮ್ಮ ಹುಡುಗರು ಎರಡರಲ್ಲಿಯೂ ಬಯ್ಯಿಸಿಕೊಳ್ಳುತ್ತಾರೆ. ಎರಡು ಬೈಗುಳಗಳ ಹಿಂದೆಯೂ ಇರುವುದು ಹೆಣ್ಣಾಗುವುದೇ ಹೀನವೆಂಬ ಭಾವನೆ. ಆದುದರಿಂದ ಹೆಣ್ಣುಮಕ್ಕಳ ಗೌರವವನ್ನು ಎತ್ತಿಹಿಡಿಯುತ್ತೇವೆಂದು ಭಾಷಣ ಮಾಡುವ ವಿದ್ಯಾಸಂಸ್ಥೆ ಈ ಮಾತುಗಳನ್ನು ತನ್ನ ಪಡಸಾಲೆಯಲ್ಲಿ ನಗುತ್ತ ಕೇಳಿಸಿಕೊಂಡಿರುವುದು ಅಸಂಗತ.

ಇದು ನಿಸರ್ಗಕ್ಕೆ ವಿರುದ್ಧವಲ್ಲವೇ ಎಂದು ಸಜ್ಜನರಾದವರೂ ಕೇಳುವುದುಂಟು. ಶೇಡಬಾಳದ ಮಿರ್ಜಿ ಅಣ್ಣಾರಾಯರು 1945ರಲ್ಲಿ ‘ನಿಸರ್ಗ’ ಎಂಬ ಕಾದಂಬರಿಯನ್ನು ಬರೆದು ಈ ಸೀಮೆಯ ಬಾಳನ್ನು ಕನ್ನಡಕ್ಕೆ ತಂದರು. ನಿಸರ್ಗ ಎಂಬ ಶಬ್ದ ನಮಗೆ ಅಷ್ಟು ಆಪ್ತವಾದುದು. ಆದರೆ ನಿಸರ್ಗಕ್ರಮಕ್ಕೆ ವಿರುದ್ಧ ಎಂಬ ಈ ಆಪಾದನೆ ಬಂದದ್ದು ನಮ್ಮ ಪುರಾಣದಿಂದಲ್ಲ, 1860ರಲ್ಲಿ ಆಂಗ್ಲ ಸರಕಾರ ರಚಿಸಿದ ದಂಡಸಂಹಿತೆಯ 377ನೆಯ ಕಲಮಿನಿಂದ. ವಿದೇಶದಿಂದ ಬಂದದ್ದು ಈ ಪ್ರೀತಿಯಲ್ಲ, ಅದನ್ನು ಅಪರಾಧವೆಂದು ಕರೆದ ಕಾನೂನು. 2009ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯ ಒಪ್ಪಿಗೆಯುಳ್ಳ ವಯಸ್ಕರ ಖಾಸಗಿ ಬಾಳಿಗೆ ಆ ಕಲಮು ಅನ್ವಯಿಸದೆಂದು ತೀರ್ಪಿತ್ತಿತು. 2013ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ತರುವಾಯ 2018ರ ಸಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠ ತನ್ನ ಹಿಂದಿನ ನಿಲುವನ್ನು ತಿದ್ದಿ, ವಯಸ್ಕರ ಸಮ್ಮತಿಯ ಪ್ರೀತಿ ಅಪರಾಧವಲ್ಲವೆಂದು ಸ್ಪಷ್ಟವಾಗಿ ಸಾರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮಿಗೆ ಸ್ಥಾನವೇ ಇಲ್ಲ. ವೈದ್ಯಶಾಸ್ತ್ರದ ಮಾತೂ ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಮದ್ರಾಸ್ ಉಚ್ಚ ನ್ಯಾಯಾಲಯದ 2021ರ ಆದೇಶವೊಂದರ ಬೆನ್ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ, ಇವರನ್ನು ‘ಸರಿಪಡಿಸುತ್ತೇವೆ’ ಎಂದು ಚಿಕಿತ್ಸೆ ಕೊಡುವುದು ವೈದ್ಯನ ವೃತ್ತಿಗೆ ಸಲ್ಲದ ದುರ್ನಡತೆಯೆಂದು ಘೋಷಿಸಿತು. ಸ್ಥಿತಿ ಹೀಗಿರಲು, ಮದುವೆ ಮಾಡಿದರೆ ಸರಿಹೋದಾನು ಎಂದು ಸಲಹೆ ಕೊಡುವ ಅಧ್ಯಾಪಕನು ಕಾನೂನನ್ನೂ ಓದಿಲ್ಲ, ಶಾಸ್ತ್ರವನ್ನೂ ಓದಿಲ್ಲ. ಒಬ್ಬನ ಬಾಳು ಕೆಟ್ಟದ್ದು ಸಾಲದೆಂದು ಅದರೊಡನೆ ಒಬ್ಬ ಹೆಣ್ಣುಮಗಳ ಬಾಳನ್ನೂ ಕೆಡಿಸುವ ಸಲಹೆ ಅದು.

ಕಾನೂನು ಬದಲಾಯಿತು, ಸಂತೋಷ. ಆದರೆ ನ್ಯಾಯಾಲಯದ ತೀರ್ಪು ದಿಲ್ಲಿಯಿಂದ ದೂಧಗಂಗೆ, ವೇದಗಂಗೆಗಳ ದಂಡೆಗೆ ತಾನಾಗಿಯೇ ನಡೆದುಬರುವುದಿಲ್ಲ. ಅದನ್ನು ತರುವವರು ಶಾಲಾಮಾಸ್ತರರು, ಪ್ರಾಚಾರ್ಯರು, ವಸತಿಗೃಹದ ಮೇಲ್ವಿಚಾರಕರು. ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಸೀಮೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಸಾತಾರೆಯ ಶಾಲೆಯಲ್ಲಿ ಬಾಲಕ ಭೀಮರಾವ್ ಅಂಬೇಡಕರರು ಬೇರೆಯಾಗಿ ಗೋಣಿತಟ್ಟಿನ ಮೇಲೆ ಕುಳಿತು ಓದಿದರು. ಸಿಪಾಯಿ ಮೇಲಿನಿಂದ ನೀರು ಹೊಯ್ದರೆ ಉಂಟು, ಅವನು ಬಾರದ ದಿನ ನೀರಿಲ್ಲ. ಅದೇ ಅಂಬೇಡಕರರು 1925ರಲ್ಲಿ ನಮ್ಮ ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ನೆರೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1902ರ ಜುಲೈ 26ರಂದು ಹಿಂದುಳಿದವರಿಗೆ ಸರಕಾರಿ ನೌಕರಿಯಲ್ಲಿ ಶೇಕಡಾ 50ರಷ್ಟು ಸ್ಥಾನ ಮೀಸಲಿಟ್ಟರು. ಬೇರೆ ಬೇರೆ ಸಮಾಜಗಳ ಹುಡುಗರಿಗೆ ವಸತಿಗೃಹಗಳನ್ನು ಕಟ್ಟಲು ನೆರವಾದರು. ಕುಂಭೋಜದಲ್ಲಿ ಹುಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಎಲ್ಲ ಜಾತಿಯ ಹುಡುಗರೂ ಒಂದೇ ಸೂರಿನ ಕೆಳಗೆ ಇರುವ, ಒಂದೇ ಪಂಕ್ತಿಯಲ್ಲಿ ಉಣ್ಣುವ ಬೋರ್ಡಿಂಗನ್ನು ಸಾತಾರೆಯಲ್ಲಿ ನಡೆಸಿ ತೋರಿಸಿದರು. ಇಂಥ ಪಂಕ್ತಿಯಿಂದ ಧರ್ಮ ಕೆಡುತ್ತದೆ, ಮಕ್ಕಳು ಕೆಡುತ್ತಾರೆ ಎಂಬ ಕೂಗು ಆಗ ಕಡಿಮೆಯಿರಲಿಲ್ಲ. ಕೆಟ್ಟದ್ದು ಏನೂ ಇಲ್ಲ; ಆ ಪಂಕ್ತಿಯಿಂದ ಎದ್ದುಬಂದವರು ಶಿಕ್ಷಕರಾದರು, ವಕೀಲರಾದರು, ನಾಡಿನ ಆಡಳಿತ ನಡೆಸಿದರು. ಯಾರು ಎಲ್ಲಿ ಕುಳಿತುಕೊಳ್ಳಬೇಕು, ಯಾರು ಯಾವ ನೀರು ಕುಡಿಯಬೇಕು, ಯಾರು ಯಾವ ಕೋಣೆಯಲ್ಲಿ ಮಲಗಬೇಕು ಎಂಬ ಅತಿ ಸಾಮಾನ್ಯವೆನಿಸುವ ಪ್ರಶ್ನೆಗಳಲ್ಲಿಯೇ ವಿದ್ಯಾದಾನದ ಎಲ್ಲ ನ್ಯಾಯವೂ ಅಡಗಿದೆ ಎಂಬುದನ್ನು ಈ ಹಿರಿಯರು ಅರಿತಿದ್ದರು.

ಇಂದಿನ ಪ್ರಶ್ನೆಯೂ ಅದೇ ಬಗೆಯದು. ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಕಥನಗಳಲ್ಲಿ ಮೇಲಿಂದ ಮೇಲೆ ಹೇಳುವ ಒಂದು ಸಂಗತಿಯಿದೆ: ಶಾಲೆಯಲ್ಲಿ ಶೌಚಾಲಯಕ್ಕೆ ಹೋಗಲು ಅಂಜಿ ಅವರು ದಿನವಿಡೀ ನೀರು ಕುಡಿಯದೆ ಇರುತ್ತಾರೆ. ಹುಡುಗರ ಕಡೆಗೆ ಹೋದರೆ ಹಿಂಸೆ, ಹುಡುಗಿಯರ ಕಡೆಗೆ ಹೋದರೆ ಕೂಗಾಟ. ಅಂದು ನೀರು ಕೊಡುವವರಿರಲಿಲ್ಲ. ಇಂದು ನೀರಿದ್ದೂ ಕುಡಿಯುವಂತಿಲ್ಲ. ಬಾಯಾರಿಕೆ ಮಾತ್ರ ಒಂದೇ. ಇದರ ಪರಿಣಾಮ ಲೆಕ್ಕದಲ್ಲಿಯೂ ಕಂಡಿದೆ. 2011ರ ಜನಗಣತಿಯಲ್ಲಿ ಗಂಡು ಹೆಣ್ಣುಗಳ ಹೊರತಾದ ‘ಇತರ’ ಎಂಬ ವರ್ಗದಲ್ಲಿ ದೇಶದಲ್ಲಿ 4,87,803 ಜನರು, ಕರ್ನಾಟಕದಲ್ಲಿ 20,266 ಜನರು ದಾಖಲಾದರು. ದೇಶದ ಒಟ್ಟು ಸಾಕ್ಷರತೆ ಶೇಕಡಾ 73ರಷ್ಟಿದ್ದಾಗ ಇವರಲ್ಲಿ ಅದು ಶೇಕಡಾ 56ರಷ್ಟಿತ್ತು. ಸಲಿಂಗಪ್ರೇಮಿಗಳ ಲೆಕ್ಕವನ್ನಂತೂ ಜನಗಣತಿ ತೆಗೆದೇ ಇಲ್ಲ. ಪದ್ಮಶ್ರೀ ಪುರಸ್ಕೃತರಾದ ಮಂಜಮ್ಮ ಜೋಗತಿಯವರನ್ನು ಇಂದು ನಾಡೆಲ್ಲ ಬಲ್ಲದು. ಬಳ್ಳಾರಿ ಜಿಲ್ಲೆಯ ಈ ಕಲಾವಿದೆ ಮನೆಯಿಂದ ಹೊರಬಿದ್ದು, ಜೋಗತಿ ನೃತ್ಯವನ್ನು ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ಸ್ವೀಕರಿಸಿದರು. ಆದರೆ ಅವರ ಶಾಲೆಯ ಓದು ಹತ್ತನೆಯ ತರಗತಿಗೇ ನಿಂತಿತು. ಅವರ ಹಿರಿಮೆ ಅವರ ಛಲದ ಫಲ, ಜಾನಪದ ಪರಂಪರೆಯ ಕೊಡುಗೆ. ನಮ್ಮ ಶಾಲೆ ಕಾಲೇಜುಗಳು ಅದರಲ್ಲಿ ಪಾಲು ಕೇಳುವಂತಿಲ್ಲ. ಮನೆಬಿಟ್ಟ ಪ್ರತಿಯೊಬ್ಬರಿಗೂ ಕಲೆ ಒಲಿಯುವುದಿಲ್ಲ, ಗುರು ಸಿಕ್ಕುವುದಿಲ್ಲ. ಉಳಿದವರು ಎಲ್ಲಿ ಹೋದರು? ಮೀರಜಿನ ರೈಲಿನಲ್ಲಿ, ಪುಣೆ ಮುಂಬಯಿಗಳ ಸಂದಣಿಯಲ್ಲಿ ಚಪ್ಪಾಳೆ ತಟ್ಟಿ ಕೈಯೊಡ್ಡುವವರ ಪೈಕಿ ಯಾವನೋ ಒಬ್ಬನು ನಮ್ಮ ಹಾಜರಿ ಪುಸ್ತಕದಲ್ಲಿ ಒಂದು ಕಾಲಕ್ಕೆ ಹೆಸರಿದ್ದವನಾಗಿರಬಹುದು. ಕೆಂಪು ಮಸಿಯಿಂದ ಅವನ ಹೆಸರನ್ನು ಹೊಡೆದುಹಾಕುವಾಗ ಕಾರಣದ ಕಲಮಿನಲ್ಲಿ ‘ಸತತ ಗೈರುಹಾಜರಿ’ ಎಂದು ಬರೆದವರು ನಾವು. ಗೈರುಹಾಜರಿಗೆ ಕಾರಣವೇನೆಂದು ಬರೆಯಲು ಆ ಪುಸ್ತಕದಲ್ಲಿ ಜಾಗವಿಲ್ಲ.

ವಿದ್ಯಾರ್ಥಿಗಳ ಮಾತು ಹೀಗಾದರೆ ಅಧ್ಯಾಪಕರ ಮತ್ತು ಸಿಬ್ಬಂದಿಯ ಮಾತು ಇನ್ನೂ ಮೌನದ್ದು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ಕವಿ, ಪ್ರಾಧ್ಯಾಪಕ ಶ್ರೀನಿವಾಸ ರಾಮಚಂದ್ರ ಸಿರಸ್ ಅವರ ಕಥೆಯನ್ನು ಮರಾಠಿ ಬಲ್ಲ ನಮ್ಮ ಗಡಿನಾಡಿನವರು ವಿಶೇಷವಾಗಿ ನೆನೆಯಬೇಕು. 2010ರ ಫೆಬ್ರುವರಿಯಲ್ಲಿ ಅವರ ನಿವಾಸದೊಳಕ್ಕೆ ನುಗ್ಗಿದವರು ಅವರ ಖಾಸಗಿ ಗಳಿಗೆಯನ್ನು ಚಿತ್ರೀಕರಿಸಿದರು. ವಿಶ್ವವಿದ್ಯಾಲಯವು ಅವರನ್ನೇ ಅಮಾನತುಗೊಳಿಸಿತು. ಅಲಹಾಬಾದ್ ಉಚ್ಚ ನ್ಯಾಯಾಲಯವು ಏಪ್ರಿಲ್ 1ರಂದು ಆ ಅಮಾನತನ್ನು ತಡೆಹಿಡಿಯಿತು. ಏಪ್ರಿಲ್ 7ರಂದು ಅವರು ತಮ್ಮ ಬಾಡಿಗೆಯ ಮನೆಯಲ್ಲಿ ಶವವಾಗಿ ಸಿಕ್ಕರು. ನ್ಯಾಯಾಲಯದಲ್ಲಿ ಗೆದ್ದ ಮನುಷ್ಯನು ಒಂದು ವಾರ ಬಾಳಲಿಲ್ಲ. ಕೃಷ್ಣನಗರದ ಮಹಿಳಾ ಕಾಲೇಜಿಗೆ 2015ರಲ್ಲಿ ಪ್ರಾಚಾರ್ಯರಾಗಿ ನೇಮಕಗೊಂಡ ಮಾನಬಿ ಬಂದ್ಯೋಪಾಧ್ಯಾಯರ ಉದಾಹರಣೆಯೂ ಇದೆ. ಪರಿವರ್ತಿತ ಲಿಂಗದವರೊಬ್ಬರು ಕಾಲೇಜಿನ ಪ್ರಾಚಾರ್ಯರಾದದ್ದನ್ನು ದೇಶವೇ ಕೊಂಡಾಡಿತು. ಒಂದೂವರೆ ವರ್ಷದಲ್ಲಿ, 2016ರ ಡಿಸೆಂಬರಿನಲ್ಲಿ, ಸಹೋದ್ಯೋಗಿಗಳ ಅಸಹಕಾರವನ್ನು ಕಾರಣವಾಗಿ ಹೇಳಿ ಅವರು ರಾಜೀನಾಮೆಯ ಪತ್ರ ಬರೆದರು. ಕೊಂಡಾಡುವುದು ಸುಲಭ, ಪಕ್ಕದ ಕುರ್ಚಿಯಲ್ಲಿ ಕುಳಿತು ದಿನವೂ ಜೊತೆಗೆ ಚಹಾ ಕುಡಿಯುವುದು ಕಠಿನ. ವಾತಾವರಣವೆಂಬುದು ನೇಮಕಪತ್ರದಿಂದ ಹುಟ್ಟುವುದಿಲ್ಲ, ಆ ಚಹಾದ ಮೇಜಿನ ಸುತ್ತ ಹುಟ್ಟುತ್ತದೆ.

ನಮ್ಮ ರಾಜ್ಯದಲ್ಲಿ ಶುಭಚಿಹ್ನೆಗಳಿಲ್ಲವೆಂದಲ್ಲ. 2021ರ ಜುಲೈಯಲ್ಲಿ ಕರ್ನಾಟಕ ಸರಕಾರ ತನ್ನ ನೇಮಕಾತಿ ನಿಯಮಗಳನ್ನು ತಿದ್ದಿ, ಎಲ್ಲ ವರ್ಗಗಳಲ್ಲಿಯೂ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. 2022ರಲ್ಲಿ ಪ್ರಕಟವಾದ ಪ್ರಾಥಮಿಕ ಶಾಲಾ ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿ ಈ ವರ್ಗದ ಮೂವರ ಹೆಸರು ಕಾಣಿಸಿಕೊಂಡಿತು. ಆದರೆ ನಮ್ಮ ಪದವಿ ಕಾಲೇಜುಗಳಲ್ಲಿ ಪಾಠದ ಬಹುಪಾಲು ಭಾರ ಹೊತ್ತಿರುವವರು ಅತಿಥಿ ಉಪನ್ಯಾಸಕರು ಎಂಬುದನ್ನು ಮರೆಯಬಾರದು. ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ ಎಂದು ಗೌರವಧನವನ್ನೇ ನೆಚ್ಚಿ ಕುಳಿತವನು ತನ್ನ ಬಾಳಿನ ಸತ್ಯವನ್ನು ಯಾರ ಮುಂದೆ ಹೇಳಿಯಾನು? ಒಂದು ಪಿಸುಮಾತು ಅವನ ಅನ್ನ ಕಳೆಯಬಲ್ಲದು, ಬಾಡಿಗೆಯ ಕೋಣೆಯನ್ನೂ ಬಿಡಿಸಬಲ್ಲದು. ನೌಕರಿಯ ಭದ್ರತೆಯಿಲ್ಲದಲ್ಲಿ ಆತ್ಮಗೌರವದ ಉಪದೇಶ ಟೊಳ್ಳಾದ ಮಾತು. ಮದುವೆಯ ಮಾನ್ಯತೆಯನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ ನಿರಾಕರಿಸಿ ಅದನ್ನು ಶಾಸನಸಭೆಯ ಕೆಲಸವೆಂದಿತು. ಆದರೂ ಜೊತೆಗಾರರು ಕೂಡಿ ಬ್ಯಾಂಕಿನ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮನಿರ್ದೇಶನ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರದ ಹಣಕಾಸು ಇಲಾಖೆ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಕಾಲೇಜಿನ ಕಚೇರಿಯ ಕಾರಕೂನರು ಇಷ್ಟನ್ನಾದರೂ ತಿಳಿದಿದ್ದರೆ ಒಬ್ಬ ನೌಕರನ ನಾಮನಿರ್ದೇಶನದ ಅರ್ಜಿ ಊರ ಚರ್ಚೆಯ ವಸ್ತುವಾಗುವುದು ತಪ್ಪುತ್ತದೆ.

ಇನ್ನು ಆಕ್ಷೇಪಗಳು. ‘ನಮ್ಮ ಕಾಲೇಜಿನಲ್ಲಿ ಅಂಥವರು ಯಾರೂ ಇಲ್ಲ’ ಎನ್ನುವುದು ಮೊದಲನೆಯದು. ಇಲ್ಲವೆಂದಲ್ಲ, ಹೇಳಿಕೊಂಡಿಲ್ಲವೆಂದಷ್ಟೇ ಅದರ ಅರ್ಥ. ಹೇಳಿಕೊಂಡರೆ ಏನಾದೀತೆಂಬುದನ್ನು ಅವರು ನಮ್ಮ ಮುಖ ನೋಡಿಯೇ ತಿಳಿದಿದ್ದಾರೆ. ‘ಇದನ್ನು ಮಾತಾಡಿದರೆ ಉಳಿದ ಮಕ್ಕಳು ಕೆಡುತ್ತಾರೆ’ ಎನ್ನುವುದು ಎರಡನೆಯದು. ಬಾಲಗಂಧರ್ವರು ಹೆಣ್ಣುಪಾತ್ರ ವಹಿಸಿದ ನಾಟಕಗಳನ್ನು ನೋಡಲು ನಮ್ಮ ಹಿರಿಯರು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು; ಅವರು ಉಟ್ಟ ಸೀರೆಯ ಮಾದರಿ ಹೆಂಗಸರಿಗೂ ಮೆಚ್ಚಾಗಿತ್ತು. ಅದರಿಂದ ಊರಿನ ಗಂಡಸರ ಸ್ವಭಾವ ಬದಲಾಯಿತೆಂದು ಯಾರೂ ಹೇಳಿಲ್ಲ. ಸ್ವಭಾವ ಅಂಟುಜಾಡ್ಯವಲ್ಲ, ಅಂಟುವುದು ಕ್ರೌರ್ಯ. ಒಬ್ಬನನ್ನು ಹತ್ತು ಜನ ಸೇರಿ ನಗುವುದನ್ನು ಅಧ್ಯಾಪಕ ಸುಮ್ಮನೆ ನೋಡಿದರೆ ಆ ಹತ್ತು ಮಂದಿ ಕಲಿಯುವ ಪಾಠವೇ ನಿಜವಾಗಿ ಮಕ್ಕಳನ್ನು ಕೆಡಿಸುವ ಪಾಠ. ‘ದುಡ್ಡೆಲ್ಲಿದೆ’ ಎನ್ನುವುದು ಮೂರನೆಯದು. ಒಂದು ಚಿಲಕವುಳ್ಳ ಬಾಗಿಲಿಗೆ, ಒಂದು ಸುತ್ತೋಲೆಗೆ, ಕಪಾಟಿನಲ್ಲಿ ನಾಲ್ಕು ಪುಸ್ತಕಗಳಿಗೆ ಎಷ್ಟು ದುಡ್ಡು ಬೇಕು? ವಾರ್ಷಿಕ ಸ್ನೇಹಸಮ್ಮೇಳನದ ಮಂಟಪಕ್ಕೆ ಖರ್ಚಾಗುವುದರ ಒಂದಂಶವೂ ಅಲ್ಲ.

ಆದರೆ ಒಂದು ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ಬೆಂಗಳೂರಿನ ಮಾದರಿ ಬೇಡಕಿಹಾಳಕ್ಕೆ ಒಗ್ಗುವುದಿಲ್ಲ ಎಂಬ ಮಾತು ನಿಜ. ಬೆಂಗಳೂರಿನಲ್ಲಿ 2008ರಿಂದ ಸ್ವಾಭಿಮಾನದ ಮೆರವಣಿಗೆಗಳು ನಡೆದಿವೆ. ಮಹಾನಗರದ ಜನಸಂದಣಿಯಲ್ಲಿ ಒಬ್ಬನು ಬಣ್ಣದ ಬಾವುಟ ಹಿಡಿದು ನಡೆದು, ಸಂಜೆ ಅಪರಿಚಿತನಾಗಿ ಮನೆಗೆ ಮರಳಬಹುದು. ನಮ್ಮಲ್ಲಿ ಹಾಗಲ್ಲ. ಕಾಲೇಜಿನ ಬಸ್ಸಿನ ಚಾಲಕನು ಹುಡುಗನ ಸೋದರಮಾವನಾಗಿರುತ್ತಾನೆ. ಕಚೇರಿಯ ಕಾರಕೂನರು ತಂದೆಯ ಗೆಳೆಯರಾಗಿರುತ್ತಾರೆ. ಗ್ರಂಥಾಲಯದಲ್ಲಿ ಯಾವ ಪುಸ್ತಕ ಎರವಲು ಪಡೆದನೆಂಬ ಸುದ್ದಿ ಅವನಿಗಿಂತ ಮುಂಚೆ ಮನೆ ಮುಟ್ಟುತ್ತದೆ. ಇಂಥಲ್ಲಿ ಒಂದು ಸಂಘ ಕಟ್ಟಿ, ಫಲಕ ತೂಗುಹಾಕಿ, ಸದಸ್ಯರಾಗಿರೆಂದು ಕರೆದರೆ ಯಾರೂ ಬಾರರು. ಬಂದವನಿಗೆ ಅಪಾಯವೇ ಹೆಚ್ಚು. ಆದುದರಿಂದ ಹಳ್ಳಿಯ ಕಾಲೇಜಿನಲ್ಲಿ ಆಸರೆಯ ಮೊದಲ ಲಕ್ಷಣ ಪ್ರದರ್ಶನವಲ್ಲ, ಗುಟ್ಟು ಕಾಯುವುದು. ಯಾರನ್ನೂ ‘ನೀನು ಯಾರು, ಹೇಳು’ ಎಂದು ಕೇಳಬಾರದು. ಹೇಳಿದವನ ಮಾತು ಹೇಳಿದ ಕಿವಿಯನ್ನು ದಾಟಬಾರದು. ಮಗನು ನಂಬಿ ಆಡಿದ ಮಾತನ್ನು ಹಿತಚಿಂತನೆಯ ಹೆಸರಿನಲ್ಲಿ ತಂದೆಯ ಕಿವಿಗೆ ಮುಟ್ಟಿಸುವ ಅಧ್ಯಾಪಕನು ಆ ಹುಡುಗನ ಓದನ್ನಷ್ಟೇ ಅಲ್ಲ, ಜೀವವನ್ನೂ ಪಣಕ್ಕಿಡುತ್ತಾನೆ. ಆದರೆ ಇದರಿಂದ, ಏನೂ ಮಾಡದೆ ಸುಮ್ಮನಿರುವುದೇ ಲೇಸು ಎಂದು ತೀರ್ಮಾನಿಸಿದರೆ ಅದು ತಪ್ಪು. ವ್ಯಕ್ತಿಯ ವಿಷಯದಲ್ಲಿ ಸಂಸ್ಥೆ ಮೌನವಾಗಿರಲಿ. ನೀತಿಯ ವಿಷಯದಲ್ಲಿ ಗಟ್ಟಿಯಾಗಿ ಮಾತಾಡಲಿ. ಈ ವಿಭಾಗ ಸ್ಪಷ್ಟವಾದರೆ ಅರ್ಧ ಕೆಲಸ ಆದಂತೆ.

ಹಾಗಾದರೆ ಮಾಡತಕ್ಕದ್ದೇನು? ನಿಯಮಗಳನ್ನು ಹೊಸದಾಗಿ ಕಲ್ಪಿಸಬೇಕಾಗಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು ರ‍್ಯಾಗಿಂಗ್ ತಡೆಯುವ ತನ್ನ ನಿಯಮಗಳನ್ನು 2016ರಲ್ಲಿ ತಿದ್ದಿ, ಲಿಂಗತ್ವದ ಕಾರಣದಿಂದಾಗಲಿ ಲೈಂಗಿಕ ಒಲವಿನ ಕಾರಣದಿಂದಾಗಲಿ ವಿದ್ಯಾರ್ಥಿಯನ್ನು ಹಂಗಿಸುವುದು, ಹೊರಗಿಡುವುದು ಸಹ ರ‍್ಯಾಗಿಂಗೇ ಎಂದು ಸೇರಿಸಿತು. ಪ್ರತಿ ವರ್ಷ ಪ್ರವೇಶದ ಸಮಯದಲ್ಲಿ ವಿದ್ಯಾರ್ಥಿ ಮತ್ತು ಪಾಲಕರಿಂದ ಬರೆಯಿಸಿಕೊಳ್ಳುವ ಮುಚ್ಚಳಿಕೆಯ ಹಿಂದೆ ಈ ಅರ್ಥವೂ ಇದೆಯೆಂದು ಪ್ರಾಚಾರ್ಯರು ಮೊದಲ ದಿನದ ಸಭೆಯಲ್ಲಿ ಬಾಯಿಬಿಟ್ಟು ಹೇಳಲಿ. ಅಷ್ಟರಿಂದಲೇ ಹಿಂದಿನ ಬೆಂಚಿನಲ್ಲಿ ಕುಳಿತ ಯಾವನೋ ಒಬ್ಬನಿಗೆ ಉಸಿರಾಡಲು ಎಡೆಯಾಗುತ್ತದೆ. ಆಯೋಗದ 2015ರ ನಿಯಮಗಳು ಲೈಂಗಿಕ ಕಿರುಕುಳದ ದೂರನ್ನು ಹೆಣ್ಣುಮಕ್ಕಳಿಗಷ್ಟೇ ಸೀಮಿತಗೊಳಿಸದೆ ತೃತೀಯಲಿಂಗಿ ವಿದ್ಯಾರ್ಥಿಗಳ ನೋವನ್ನೂ ಗಣನೆಗೆ ತಂದವು. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಹೇಳಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯ ಗುರುತಿನಪತ್ರದ ವಿಧಾನ ಕುರಿತು ಆ ಸಮುದಾಯದಿಂದಲೇ ಬಲವಾದ ಟೀಕೆಗಳು ಬಂದವು. ಅದು ಬೇರೆಯೇ ಚರ್ಚೆ. ಆದರೆ ವಿದ್ಯಾಸಂಸ್ಥೆಗಳಲ್ಲಿ ಭೇದ ಮಾಡಕೂಡದು, ಪ್ರತಿಯೊಂದು ಸಂಸ್ಥೆಯೂ ದೂರು ಕೇಳಲು ಒಬ್ಬ ಅಧಿಕಾರಿಯನ್ನು ಗೊತ್ತುಮಾಡಬೇಕು ಎಂದು ಆ ಕಾಯಿದೆ ವಿಧಿಸಿತು. ನಮ್ಮ ಕಾಲೇಜುಗಳ ಸೂಚನಾಫಲಕದಲ್ಲಿ ಅಂಥವರ ಹೆಸರನ್ನು ಎಷ್ಟು ಜನ ಓದಿದ್ದಾರೆಂಬುದನ್ನು ವಾಚಕರೇ ವಿಚಾರಿಸಿಕೊಳ್ಳಲಿ.

ನನ್ನ ಸೂಚನೆಗಳು ಸರಳವಾದವು. ಗಂಡು ಹೆಣ್ಣು ಎಂಬ ಭೇದವಿಲ್ಲದೆ ಯಾರಾದರೂ ಬಳಸಬಹುದಾದ, ಒಳಗಿನಿಂದ ಭದ್ರವಾಗಿ ಮುಚ್ಚುವ ಒಂದು ಶೌಚಾಲಯ ಪ್ರತಿ ಕಾಲೇಜಿನಲ್ಲಿ ಇರಲಿ. ಅದರ ಮೇಲೆ ಯಾವ ವಿಶೇಷ ಹೆಸರೂ ಬೇಡ, ಅಂಗವಿಕಲರಿಗೂ ಅದು ಉಪಯೋಗವಾಗಲಿ. ವಿದ್ಯಾರ್ಥಿ ತನ್ನನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಬಯಸುತ್ತಾನೋ ಅಥವಾ ಬಯಸುತ್ತಾಳೋ ಆ ಹೆಸರಿನಿಂದ ಕರೆಯುವ ಸೌಜನ್ಯವನ್ನು ಅಧ್ಯಾಪಕರು ತೋರಲಿ; ದಾಖಲೆಯಲ್ಲಿ ಹೆಸರು ಬದಲಾಯಿಸಿಕೊಳ್ಳಲು ಬಂದವರನ್ನು ಕಚೇರಿ ಹತ್ತು ಸಲ ಅಲೆದಾಡಿಸದಿರಲಿ. ವಸತಿಗೃಹದ ಮೇಲ್ವಿಚಾರಕರು ಸೂಕ್ಷ್ಮವನ್ನರಿತವರಾಗಿರಲಿ. ಹಿಂಸೆಗೊಳಗಾದವನಿಗೆ ಕೋಣೆ ಬದಲಿಸಿಕೊಡಲು ಅವನಿಂದ ಕಾರಣವನ್ನು ಲಿಖಿತವಾಗಿ ಕೇಳದಿರಲಿ. ಹಿಂಸಿಸಿದವನನ್ನು ಹೊರಹಾಕದೆ ಹಿಂಸೆಗೊಳಗಾದವನನ್ನೇ ‘ನಿನ್ನ ಒಳ್ಳೆಯದಕ್ಕೆ’ ಎಂದು ಮನೆಗೆ ಕಳುಹಿಸುವ ಪದ್ಧತಿ ನಿಲ್ಲಲಿ. ಅಧ್ಯಾಪಕರ ತರಬೇತಿಯಲ್ಲಿ ಈ ವಿಷಯಕ್ಕೆ ಅರ್ಧ ದಿನವಾದರೂ ಮೀಸಲಾಗಲಿ. 2010ರಲ್ಲಿ ಸ್ಥಾಪಿತವಾದ ರಾಣಿ ಚನ್ನಮ್ಮ ವಿ.ವಿ. ನಮ್ಮ ಭಾಗದ ಕಾಲೇಜುಗಳ ಮಾತೃಸಂಸ್ಥೆ. ಹಳ್ಳಿಯ ಕಾಲೇಜಿನಲ್ಲಿ ಮುಖಾಮುಖಿ ಮಾತಾಡಲು ಅಂಜುವವನು ದೂರದಿಂದ ಮಾತಾಡಬಹುದಾದ ಒಬ್ಬ ಆಪ್ತ ಸಮಾಲೋಚಕರನ್ನು ಅದು ನೇಮಿಸಿದರೆ ಅದೊಂದು ದೊಡ್ಡ ಉಪಕಾರವಾದೀತು. ಊರಿನವರಲ್ಲದ ಆ ಕಿವಿಗೇ ಇಲ್ಲಿ ಬೆಲೆ ಹೆಚ್ಚು. ಕೇರಳವು 2018ರಲ್ಲಿ ತನ್ನ ಕಾಲೇಜುಗಳ ಪ್ರತಿಯೊಂದು ಕೋರ್ಸಿನಲ್ಲಿ ಈ ವರ್ಗದವರಿಗೆ ಎರಡು ಹೆಚ್ಚುವರಿ ಸ್ಥಾನಗಳನ್ನು ಕೊಡಲು ಆದೇಶ ಹೊರಡಿಸಿತು; ಯಾರ ಸ್ಥಾನವನ್ನೂ ಕಸಿಯದೆ ಎಡೆ ಮಾಡಿಕೊಡುವ ಆ ಮಾರ್ಗ ನಮ್ಮ ವಿಶ್ವವಿದ್ಯಾಲಯಗಳಿಗೂ ಅಸಾಧ್ಯವಲ್ಲ.

ಸಾಹಿತ್ಯದ ಅಧ್ಯಾಪಕರಿಗೆ ಒಂದು ವಿಶೇಷ ಬಿನ್ನಹ. ಎದೆಯ ಮಾತನ್ನು ಬಹಿರಂಗವಾಗಿ ಆಡಲಾರದ ವಿದ್ಯಾರ್ಥಿಗೆ ಪುಸ್ತಕವೇ ಮೊದಲ ಸ್ನೇಹಿತ. ಹೆಣ್ಣು ಗಂಡೆಂಬುದು ದೇಹದ ಗುರುತು, ಒಳಗಿರುವ ಚೇತನಕ್ಕೆ ಆ ಭೇದವಿಲ್ಲ ಎಂಬ ವಿಚಾರವನ್ನು ಜೇಡರ ದಾಸಿಮಯ್ಯ ಶತಮಾನಗಳ ಹಿಂದೆಯೇ ಹೇಳಿದ. ಆ ವಚನವನ್ನು ನಾವು ಪರೀಕ್ಷೆಗಾಗಿ ಕಂಠಪಾಠ ಮಾಡಿಸುತ್ತೇವೆ, ಅದೇ ತರಗತಿಯಲ್ಲಿ ಅದರ ಜೀವಂತ ಅರ್ಥವನ್ನು ನೋಯಿಸಲು ಬಿಡುತ್ತೇವೆ. ಮಂಜಮ್ಮನವರ ಬಾಳಿನ ಕಥನಕ್ಕೆ ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರು ಆ ವಚನದ ನೆನಪಿನಿಂದಲೇ ಬಂದಂತಿದೆ. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಅದು ರಂಗದ ಮೇಲೂ ಬಂದು ಊರೂರು ಸುತ್ತಿತು. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ, ಪ್ರೀತಿಯನ್ನು ಕಾನೂನು ಮರಳಿ ಅಪರಾಧವೆಂದ ವರ್ಷದಲ್ಲಿಯೇ, ಪ್ರಕಟವಾಯಿತು. ಈ ಪುಸ್ತಕಗಳು ಗ್ರಂಥಾಲಯದ ತೆರೆದ ಕಪಾಟಿನಲ್ಲಿ ಇರಲಿ, ಬೀಗದ ಒಳಗಲ್ಲ. ಕೈಗೆತ್ತಿಕೊಂಡು ಅಲ್ಲಿಯೇ ನಿಂತು ನಾಲ್ಕು ಪುಟ ಓದಿ, ಹೆಸರು ಬರೆಯಿಸದೆ ಮರಳಿ ಇಟ್ಟುಹೋಗಲು ಅನುಕೂಲವಿರಲಿ. ತರಗತಿಯಲ್ಲಿ ಇವನ್ನು ಚರ್ಚಿಸುವಾಗ ಕನಿಕರದ ಧ್ವನಿ ಬೇಡ. ಉಳಿದ ಸಾಹಿತ್ಯಕ್ಕೆ ಹಚ್ಚುವ ಒರೆಗಲ್ಲನ್ನೇ ಇವಕ್ಕೂ ಹಚ್ಚೋಣ. ತನ್ನಂಥವರ ಬಾಳು ಸಾಹಿತ್ಯವಾಗಬಲ್ಲದು, ವಿಮರ್ಶೆಗೆ ಅರ್ಹವಾಗಬಲ್ಲದು ಎಂದು ತಿಳಿಯುವುದೇ ಅಂಥ ವಿದ್ಯಾರ್ಥಿಗೆ ದೊಡ್ಡ ಗೌರವ.

ಕೊನೆಯದಾಗಿ ವಿದ್ಯಾರ್ಥಿಮಿತ್ರರಿಗೆ ಒಂದು ಮಾತು. ಸುತ್ತೋಲೆಗಳೂ ಸಮಿತಿಗಳೂ ತಲುಪದ ಜಾಗಗಳು ಕಾಲೇಜಿನಲ್ಲಿ ಬಹಳ ಇವೆ: ಬಸ್ಸಿನ ಹಿಂದಿನ ಸೀಟು, ಆಟದ ಬಯಲು, ವಸತಿಗೃಹದ ರಾತ್ರಿ. ಅಲ್ಲಿ ನಿಯಮವಾಗತಕ್ಕವರು ನೀವೇ. ಒಬ್ಬನನ್ನು ನೋಡಿ ಹತ್ತು ಜನ ನಗುವಾಗ ಹನ್ನೊಂದನೆಯವನು ನಗದೆ ಅವನ ಪಕ್ಕದಲ್ಲಿ ಹೋಗಿ ಕುಳಿತುಕೊಂಡರೆ ಅದಕ್ಕೆ ಯಾವ ಕಾಯಿದೆಯ ಬಲವೂ ಬೇಕಾಗುವುದಿಲ್ಲ. ಆದರೆ ಕಾಯಿದೆ ಮಾಡಲಾರದ ಕೆಲಸವನ್ನು ಅದು ಮಾಡುತ್ತದೆ. ಕಾಲೇಜಿನ ಕೀರ್ತಿಯನ್ನು ನಾವು ಪ್ರಥಮ ಶ್ರೇಣಿಗಳ ಸಂಖ್ಯೆಯಿಂದ ಅಳೆಯುತ್ತ ಬಂದಿದ್ದೇವೆ. ಅರ್ಧಕ್ಕೆ ಬಿಟ್ಟುಹೋದವರು ಎಷ್ಟು ಮಂದಿ, ಯಾಕೆ ಬಿಟ್ಟರು ಎಂದು ವರ್ಷಕ್ಕೊಮ್ಮೆ ಹಾಜರಿ ಪುಸ್ತಕವನ್ನು ತಿರುವಿಹಾಕಿ ನೋಡುವ ಪದ್ಧತಿಯನ್ನೂ ಇಟ್ಟುಕೊಳ್ಳೋಣ. ಕೆಂಪು ಗೆರೆ ಬೀಳದ ಹೆಸರುಗಳು ಹೆಚ್ಚಿದಷ್ಟೂ ಆ ಸಂಸ್ಥೆ ದೊಡ್ಡದೆಂದು ನನ್ನ ಭಾವನೆ.